ಮೇಲಿನ ಸಾಲು

ಕುಂಬಳೆಯಿಂದ ಉಪ್ಪಳದವರೆಗೆ ಮೂವತ್ತೊಂದು ವರ್ಷ
ಬೋರ್ಡು ಬರೆದವನು ನಾನು, ತ್ಯಾಂಪ ಪಾಟಾಳಿ.
ಮೇಲಿನ ಸಾಲು ಮಲಯಾಳ, ಕೆಳಗಿನದು ಕನ್ನಡ.
ಏಣಿ ಹತ್ತಿದವನಿಗೆ ಎರಡೂ ಒಂದೇ ಡಬ್ಬಿಯ ಬಣ್ಣ,
ಅಡಿ ಲೆಕ್ಕದ ಒಂದೇ ಕೂಲಿ.

ಆ ಬುಧವಾರ ಆಸ್ಪತ್ರೆಯ ಕ್ಯೂ ಗೇಟಿನಾಚೆಗೂ ಇತ್ತು.
ಅಂಗಿಯ ತೋಳು ಬಿಗಿ, ಮಡಚಲು ಬರಲಿಲ್ಲ,
ಗುಂಡಿ ಬಿಚ್ಚಿ ಕಾಲರನ್ನು ಕೆಳಗೆಳೆದೆ.
ಕಂಡಷ್ಟು ಜಾಗಕ್ಕೆ ಚುಚ್ಚಿದರು ಪ್ರಮೀಳ ಸಿಸ್ಟರ್.
ನಾನು ಕೂತಿದ್ದೆ, ಅವರು ನಿಂತಿದ್ದರು.
ಎಡಗೈಗೆ ಕೊಡುವುದು ವಾಡಿಕೆ;
ನಾನು ಎಡಚನೆಂದು ಹೇಳಲಿಲ್ಲ, ಅವರು ಕೇಳಲಿಲ್ಲ.
ಇಷ್ಟೇ ನಡೆದದ್ದು. ಸೂಜಿ ಎರಡು ಬೆರಳು ಕೆಳಗಿಳಿದಿದ್ದರೆ
ಈ ಕಾಗದದ ಕಟ್ಟು ಇರುತ್ತಿರಲಿಲ್ಲ.

ಸಂಜೆ ಆರಿಕ್ಕಾಡಿಯಲ್ಲಿ ಬೇಕರಿಯ ಬೋರ್ಡು.
ಕೆಳಗಿನ ಸಾಲು ಮುಗಿಸಿ ಮಮ್ಮುಂಞಿಗೆ ಹೇಳಿದೆ,
ಮೇಲಿನದು ನಾಳೆ.
ನಾಳೆ ಕೈ ಎದೆಯವರೆಗೆ ಬಂತು.
ಅಲ್ಲಿಂದ ಮೇಲೆ, ಒಳಗೆ ಯಾರೋ ಕೂತು
ಅಗುಳಿ ಹಾಕಿಕೊಂಡ ಹಾಗೆ.

ಹನ್ನೆರಡು ದಿನ ಬೋರ್ಡಿನ ಮೇಲರ್ಧ ಖಾಲಿ.
ಕನ್ನಡ ಮಾತ್ರ ಇರುವುದು ಕಂಡು ಸಂಘದವರು ಬಂದರು,
"ನಿನ್ನದು ಧೈರ್ಯ ಮಾರಾಯ" ಎಂದು ಶಾಲು ಹೊದೆಸಿದರು,
ಅದೇ ಹೆಗಲಿಗೆ. ನನ್ನ ಕಣ್ಣಲ್ಲಿ ನೀರು ಬಂತು.
ಅವರ ಕಣ್ಣಲ್ಲೂ ಬಂತು.
ಮರುದಿನ ಪಂಚಾಯತಿನಿಂದ ಬೇಕರಿಗೆ ನೋಟೀಸು:
ಮಲಯಾಳ ಎಲ್ಲಿ?

"ಅದನ್ನು ಅಳಿಸಬೇಡಿ" ಎಂದರು ವಕೀಲೆ ರಂಸೀನ.
"ನೋವು ಎರಡು ದಿನದೊಳಗೆ ಶುರುವಾಯಿತು ಎನ್ನಲು
ಬೇರೆ ಸಾಕ್ಷಿ ಎಂತ ಉಂಟು ನಿಮ್ಮಲ್ಲಿ?"
ಹಾಗೆ ಆ ಖಾಲಿ ಜಾಗದ ಫೋಟೊ ತೆಗೆದು ನಂಬರು ಹಾಕಿದರು.
ಮಂಗಳೂರಿನ ಸ್ಕ್ಯಾನು: ಕೀಲಿನ ಚೀಲದಲ್ಲಿ ಊತ.
ಮೆಡಿಕಲ್ ಬೋರ್ಡಿನ ಲೆಕ್ಕ: ಶೇಕಡ ಹದಿನಾಲ್ಕು.
ನನ್ನ ಲೆಕ್ಕ ಬೇರೆ. ಎರಡು ಸಾಲಿನಲ್ಲಿ ಒಂದು ಹೋದರೆ
ಅದಕ್ಕೆ ಹದಿನಾಲ್ಕು ಎನ್ನುವುದು ಯಾವ ಶಾಲೆಯ ಗಣಿತ?

ವಿದ್ಯಾನಗರದ ಕೋರ್ಟಿನಲ್ಲಿ ಕನ್ನಡದಲ್ಲೇ ಹೇಳಿದೆ:
ತೋಳಿಗೆ ಕೊಡಬೇಕಾದದ್ದನ್ನು ಹೆಗಲಿಗೆ ಕೊಟ್ಟರು.
ನಕಲು ಕೈಗೆ ಬಂದಾಗ ಓದಿದೆ. ಎರಡೂ ಲಿಪಿ ತಿಂದವನಲ್ಲವೆ ನಾನು.
ಮಲಯಾಳದಲ್ಲಿ ಇದ್ದದ್ದು:
ತೋಳಿಗೆ ಕೊಡಬೇಕಾದದ್ದನ್ನು ತೋಳಿಗೆ ಕೊಟ್ಟರು.

ಅನುವಾದಕನನ್ನು ಎಂತ ಬೈಯುವುದು.
ಹೆಗಲನ್ನು ಸರಿಯಾಗಿ ಅವರ ತೋಳು ಮಾಡಿದ,
ನಮ್ಮ ತೋಳನ್ನು ಹಾಗೆಯೇ ಬಿಟ್ಟ.
ಇಲ್ಲಿ ಹೆಗಲ ಕೆಳಗೆ ಜೋತಿರುವ ಮಾತು
ಚಂದ್ರಗಿರಿ ಹೊಳೆ ದಾಟಿದರೆ
ಹತ್ತಿ ಹೆಗಲ ಮೇಲೆ ಕೂರುತ್ತದೆ.
ಎರಡು ಬೆರಳಿನಷ್ಟೇ ದೂರ.

ಸರ್ಕಾರದ ವಕೀಲರು ಕನ್ನಡಕ ಸರಿಮಾಡಿ ಕೇಳಿದರು:
ತೋಳಿಗೆ ಕೊಡಬೇಕಾದದ್ದು ತೋಳಿಗೇ ಹೋದ ಮೇಲೆ
ಪರಿಹಾರ ಯಾತಕ್ಕೆ?
ಗುಮಾಸ್ತ ನಕ್ಕ. ನನಗೂ ಸ್ವಲ್ಪ ನಗು ಬಂತು.

ಎರಡನೆಯ ಇಂಜೆಕ್ಷನನ್ನು ಬಲಗೈಗೆ ಹಾಕಿಸಿಕೊಂಡೆ,
ಬರೀ ಬನಿಯನ್ನಿನಲ್ಲಿ ಹೋಗಿ.
ಒಮ್ಮೆ ಬಸ್ಸಿನಲ್ಲಿ ಸಿಸ್ಟರ್ ಸಿಕ್ಕಿದರು,
ಕಂಬಿ ಹಿಡಿಯಲಾರದ ನನ್ನನ್ನು ನೋಡಿ ಎದ್ದು ಸೀಟು ಬಿಟ್ಟರು.
ಕೇಸು ನಿಮ್ಮ ಮೇಲಲ್ಲ ಎನ್ನಬೇಕೆಂದಿದ್ದೆ,
ಮೊಗ್ರಾಲು ಬಂತು, ಅವರು ಇಳಿದರು.

ಮುಂದಿನ ವಾಯಿದೆಗೆ ನಕಲಿನ ಹಿಂದುಗಡೆ
ಬಲಗೈಯಲ್ಲಿ ಒಂದು ಚಿತ್ರ ಗೀಚಿಕೊಂಡು ಹೋದೆ.
ಕತ್ತು, ಹೆಗಲಿನ ಇಳಿಜಾರು, ಕೈ, ಎಲ್ಲವೂ ಸೊಟ್ಟ.
ಸೂಜಿ ಹೋದಲ್ಲಿ ಒಂದು ಕೆಂಪು ಚುಕ್ಕೆ.
ಅನುವಾದಕ ಬಹಳ ಹೊತ್ತು ನೋಡಿದ,
ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.
"ಪಾಟಾಳಿಯವರೇ," ಎಂದ, "ಇದರ ಮೇಲೆ
ನಾನು ಎಂತ ಬರೆಯಲಿ?"